ಮಳೆ ರಜೆಯ ದಿನ ಮನೆಯಲ್ಲಿ ಎಷ್ಟು ಜನ ದೊಡ್ಡವರಿದ್ದರು?

(ತೀರ್ಥಹಳ್ಳಿಯಲ್ಲಿ ಪುಟ್ಟ ಮಕ್ಕಳ ಪಾಲಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹೊತ್ತು ಸಾಲದೆ ಅವತ್ತು ಬಿಟ್ಟ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ. ಮಕ್ಕಳನ್ನು ಬಿಟ್ಟು ಬರಲು ಮನೆಯಲ್ಲಿ ಜನ ಇಲ್ಲದವರು ಕರೆದುಕೊಂಡೇ ಬಂದಿದ್ದೀರಿ, ಒಳ್ಳೆಯದಾಯಿತು. ಹಿಂದೆ ಓಡಾಡುತ್ತಿರುವ ಮಕ್ಕಳನ್ನು ಯಾರೂ ಗದರಿಸಬೇಡಿ. ನನ್ನ ಹತ್ತಿರ ಮೈಕ್ ಇದೆ, ಮಾತು ನಿಮಗೆ ಕೇಳುತ್ತದೆ.

ನನಗೆ ‘ಮಕ್ಕಳಲ್ಲಿ ಶಿಸ್ತು’ ಎಂಬ ವಿಷಯ ಕೊಟ್ಟಿದ್ದರು. ಅದು ತುಂಬ ದೊಡ್ಡದು. ನಾನು ಒಂದೇ ಬಗೆಯ ದಿನದ ಬಗ್ಗೆ ಮಾತಾಡುತ್ತೇನೆ. ನಮ್ಮ ಕಡೆಯ ತಾಯಂದಿರಿಗೆಲ್ಲ ಗೊತ್ತಿರುವ ದಿನ. ಮಳೆ ರಜೆಯ ದಿನ.

ಆಗುಂಬೆ ನಮ್ಮ ತಾಲ್ಲೂಕಿನದೇ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡಾಗ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ವಾಟ್ಸಾಪ್‌ನಲ್ಲಿ ಸುದ್ದಿ ಬಂದಿರುತ್ತದೆ: ಇವತ್ತು ಅಂಗನವಾಡಿ, ಶಾಲೆಗಳಿಗೆ ರಜೆ. ರಜೆ ಕೊಡುವುದು ಸರಿಯೇ. ಹಳ್ಳ ತುಂಬಿ ಹರಿಯುವಾಗ ಕಾಲುಸಂಕ ದಾಟಿಕೊಂಡು ಮಕ್ಕಳು ಶಾಲೆಗೆ ಬರಲಿ ಎಂದು ಯಾರೂ ಹೇಳಬಾರದು. ಆದರೆ ಅವತ್ತು ಅಡುಗೆಗೆ ರಜೆ ಇಲ್ಲ, ಬಟ್ಟೆಗೆ ರಜೆ ಇಲ್ಲ, ಕೊಟ್ಟಿಗೆ ಇದ್ದವರಿಗೆ ಕೊಟ್ಟಿಗೆಗೂ ರಜೆ ಇಲ್ಲ.

ನಾನು ಎಲ್‌ಕೆಜಿ ಮಕ್ಕಳಿಗೆ ಕಲಿಸುವವಳು. ಮನೆಯಲ್ಲಿ ನನ್ನವೇ ಎರಡು ಮಕ್ಕಳಿದ್ದಾರೆ. ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಎರಡು ತುಂಬಿದೆ. ಶಾಲೆಗೆ ರಜೆ ಎಂದರೆ ನಾನೂ ಮನೆಯಲ್ಲೇ. ನಮ್ಮನೆಯವರು ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ರಾತ್ರಿ ಎಂಟಕ್ಕೆ. ಅಲ್ಲಿವರೆಗೆ ಇಬ್ಬರ ಜೊತೆ ನಾನೊಬ್ಬಳೇ. ಅಂಥ ಒಂದು ದಿನವನ್ನು ಹೇಳುತ್ತೇನೆ, ಕೇಳಿ. ನಿಮ್ಮ ಮನೆಯದೂ ಹೆಚ್ಚುಕಮ್ಮಿ ಇದೇ ಇರುತ್ತದೆ.

ಆರು ಗಂಟೆಗೇ ಇಬ್ಬರೂ ಎದ್ದರು. ಶಾಲೆ ಇರುವ ದಿನ ಎಬ್ಬಿಸಿದರೂ ಏಳದ ಮಗಳು ರಜೆಯ ದಿನ ತಾನೇ ಏಳುತ್ತಾಳೆ. ಕರೆಂಟ್ ರಾತ್ರಿಯೇ ಹೋಗಿತ್ತು. ನಾನು ರೊಟ್ಟಿ ತಟ್ಟುತ್ತಿದ್ದೆ. ಮೊದಲ ಗಲಾಟೆ ನೀಲಿ ಬಟ್ಟಲಿಗೆ. ನಮ್ಮಲ್ಲಿ ನೀಲಿ ಬಟ್ಟಲು ಎರಡಿವೆ, ಎರಡೂ ಒಂದೇ ತರ. ಆದರೂ ತಮ್ಮನ ಮುಂದೆ ಇರುವುದೇ ಅಕ್ಕನಿಗೆ ಬೇಕು. ಎಳೆದಾಟದಲ್ಲಿ ಹಾಲು ಚೆಲ್ಲಿತು. ನಾನು ಒರೆಸುವಷ್ಟರಲ್ಲಿ ಮಗ ಹಿಟ್ಟಿನ ಪಾತ್ರೆಗೆ ಕೈ ಹಾಕಿದ್ದ. ರೊಟ್ಟಿ ಬಿಸಿ ಇತ್ತು, ಹರಿದು ಆರಿಸಿ ಕೊಟ್ಟೆ. ಅದಕ್ಕೆ ಅಳು. ಹರಿಯಬಾರದಿತ್ತಂತೆ. ಬೇರೆ ಇಡೀ ರೊಟ್ಟಿ ಕೊಟ್ಟರೆ ಅದು ಬೇಡ. ಹರಿದ ಅದೇ ರೊಟ್ಟಿ ಮತ್ತೆ ಇಡಿಯಾಗಬೇಕು. ಅದು ಆಗುವುದಿಲ್ಲ ಎಂದು ಗೊತ್ತಾದ ಕೂಡಲೇ ನೆಲಕ್ಕೆ ಬಿದ್ದು ಹೊರಳಿದ.

ಬಟ್ಟೆಯ ಕತೆ ನಿಮಗೆ ಹೇಳಬೇಕಾಗಿಲ್ಲ. ಈ ತಿಂಗಳುಗಳಲ್ಲಿ ಏನೂ ಒಣಗುವುದಿಲ್ಲ. ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ, ಹೊಗೆ ವಾಸನೆಯಲ್ಲೇ ಒಣಗಿಸುತ್ತೇವೆ. ಮಗನಿಗೆ ಈಗಷ್ಟೇ ಡೈಪರ್ ಬಿಡಿಸುತ್ತಿದ್ದೇನೆ. ಹತ್ತು ಗಂಟೆಯೊಳಗೆ ಒಣಗಿದ ಚಡ್ಡಿಗಳೆಲ್ಲ ಮುಗಿದವು. ಆಮೇಲೆ ಮಂಚದಿಂದ ಹಾಸಿಗೆ ಮೇಲೆ ಹಾರುವ ಆಟ ಶುರುವಾಯಿತು. ಬೇಡ ಅಂದೆ. ಹಾರಿದರು. ಮತ್ತೆ ಬೇಡ ಅಂದೆ. ಅಕ್ಕ ಹಾರಿದ ಹಾಗೆ ಹಾರಲು ಹೋಗಿ ತಮ್ಮ ಬಿದ್ದ, ತುಟಿ ಒಡೆಯಿತು. ರಕ್ತ ನೋಡಿ ಅವನಿಗಿಂತ ಜೋರಾಗಿ ಇವಳು ಅತ್ತಳು.

ಮಧ್ಯಾಹ್ನ ಅವನನ್ನು ಮಲಗಿಸಲು ತೊಡೆಯ ಮೇಲೆ ಹಾಕಿಕೊಂಡಿದ್ದೆ. ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಇವಳು ಸ್ಟೀಲ್ ಡಬ್ಬಿ ಬಡಿಯುತ್ತಾ ಬಂದಳು. ನಿದ್ದೆ ಹೋಯಿತು, ಮತ್ತೆ ಬರಲೇ ಇಲ್ಲ. ಮೂರೂವರೆಗೆ ಗೋಡೆಯ ತುಂಬ ಕೆಂಪು ಕ್ರೇಯಾನ್. ನಾಲ್ಕಕ್ಕೆ ಅಕ್ಕನ ತೋಳಿನ ಮೇಲೆ ತಮ್ಮನ ಹಲ್ಲಿನ ಗುರುತು.

ಇನ್ನು ಸಂಜೆ ಆರು ಗಂಟೆ. ಇಡೀ ದಿನದಲ್ಲಿ ಕಷ್ಟದ ಹೊತ್ತು ಅದು. ಹೊರಗೆ ಕತ್ತಲಾಗುತ್ತಿದೆ. ದೀಪ ಹಚ್ಚಬೇಕು, ರಾತ್ರಿಗೆ ಅನ್ನಕ್ಕಿಡಬೇಕು, ಹಂಡೆಗೆ ಬೆಂಕಿ ಮಾಡಬೇಕು. ಮಗ ಸೊಂಟ ಬಿಟ್ಟು ಇಳಿಯುವುದಿಲ್ಲ. ಮಗಳಿಗೆ ಆಗಲೇ ಕತೆ ಹೇಳಬೇಕು. ಆ ಹೊತ್ತಿಗೆ ಅತ್ತೆ ಊರಿಂದ ಫೋನ್ ಮಾಡಿದರು. ‘ಮಕ್ಕಳು ಯಾಕಮ್ಮ ಇಷ್ಟು ಅಳ್ತಿದಾರೆ?’ ಅವರು ಪ್ರೀತಿಯಿಂದಲೇ ಕೇಳಿದ್ದು. ಆದರೆ ಅಷ್ಟು ಹೊತ್ತಿಗೆ ಯಾವ ಪ್ರಶ್ನೆ ಬಂದರೂ ತಪ್ಪು ಎಣಿಸಿದ ಹಾಗೆ ಕೇಳುತ್ತದೆ. ನಿಮಗೂ ಹಾಗಾಗುತ್ತದೆ, ಅಲ್ವಾ?

ಎಂಟು ಗಂಟೆಗೆ ನಮ್ಮನೆಯವರು ಬಂದರು. ಕೊಡೆ ಮಡಚುವುದರೊಳಗೆ ಇಬ್ಬರೂ ಓಡಿಹೋಗಿ ಅವರ ಕಾಲು ಹಿಡಿದುಕೊಂಡರು. ಒಬ್ಬನನ್ನು ಅವರು ಎತ್ತಿಕೊಂಡರು, ಇನ್ನೊಬ್ಬಳು ನನ್ನ ಪಕ್ಕ ಬಂದು ಕೂತಳು. ಐದು ನಿಮಿಷದಲ್ಲಿ ಮನೆ ಶಾಂತವಾಯಿತು.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಈ ಐದು ನಿಮಿಷದ ಬಗ್ಗೆ. ಮಕ್ಕಳು ಅವೇ, ಹಸಿವು ಅದೇ, ಮಳೆ ಅದೇ. ಹೊಸದಾಗಿ ಬಂದದ್ದು ಇನ್ನೊಬ್ಬ ದೊಡ್ಡವರು, ಇನ್ನೆರಡು ಕೈ. ಮಕ್ಕಳು ಹಠ ಮಾಡುತ್ತಾರೆ ಎಂದು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಮೊದಲು ಕೇಳುವುದು ಇದನ್ನೇ: ಆ ಹೊತ್ತಿನಲ್ಲಿ ಮನೆಯಲ್ಲಿ ಎಷ್ಟು ಜನ ದೊಡ್ಡವರಿದ್ದರು? ಹೆಚ್ಚಿನವರ ಉತ್ತರ, ‘ನಾನೊಬ್ಬಳೇ ಮೇಡಂ.’

ಕೈಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಕ್ಕಳ ಕಡೆ ನೋಡೋಣ.

ಮಂಚದಿಂದ ಹಾರುವ ಆಟ ಇದೆಯಲ್ಲ, ಅದನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ದಿನ ಹೇಗಿರಬೇಕು ಎಂದು ಒಂದು ಮಾರ್ಗಸೂಚಿ ಕೊಟ್ಟಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಬೇಕು. ಮೂರು ದಾಟಿದ ಮಕ್ಕಳಿಗೆ ಅದರಲ್ಲಿ 60 ನಿಮಿಷವಾದರೂ ಮೈ ಬಿಸಿಯಾಗುವ ಓಟ, ಹಾರಾಟ ಇರಬೇಕು. ಮೂರು ಗಂಟೆ! ಬಿಸಿಲಿನ ದಿನ ಅಂಗಳದಲ್ಲಿ, ಶಾಲೆಯ ಬಯಲಿನಲ್ಲಿ ಅದು ತಾನಾಗಿಯೇ ಆಗುತ್ತದೆ, ನಮ್ಮ ಗಮನಕ್ಕೂ ಬರುವುದಿಲ್ಲ. ಮಳೆಯ ದಿನ ಆ ಮೂರು ಗಂಟೆ ಎಲ್ಲಿಗೆ ಹೋಗಬೇಕು? ಮಂಚಕ್ಕೆ ಹೋಗುತ್ತದೆ, ಸೋಫಾಕ್ಕೆ ಹೋಗುತ್ತದೆ. ನಾವು ‘ಕೂತ್ಕೋ’ ಅನ್ನುತ್ತೇವೆ, ಅವರ ಮೈ ‘ಏಳು’ ಅನ್ನುತ್ತದೆ. ಮೈಯ ಮಾತೇ ಗೆಲ್ಲುತ್ತದೆ.

ಹಾಗಾಗಿ ಮಳೆ ರಜೆಯ ದಿನ ಬೆಳಿಗ್ಗೆ, ತಿಂಡಿ ಆದ ಕೂಡಲೇ, ಬೇರೆ ಕೆಲಸ ಮುಟ್ಟುವ ಮೊದಲು ಮೈ ದಣಿಯುವ ಆಟ ಆಡಿಸಿಬಿಡಿ. ನಮ್ಮ ಹಳೆಯ ಮನೆಗಳ ಜಗಲಿ ಇದಕ್ಕೇ ಹೇಳಿ ಮಾಡಿಸಿದ ಜಾಗ. ಅಡಿಕೆ ಹಾಳೆ ಮೇಲೆ ಒಬ್ಬರು ಕೂತು ಇನ್ನೊಬ್ಬರು ಎಳೆಯುವ ಆಟ ನಾವೆಲ್ಲ ಆಡಿದ್ದೇವೆ. ದೊಡ್ಡವಳಿಗೆ ಎಳೆಯುವುದರಲ್ಲಿ ಮೈ ದಣಿಯುತ್ತದೆ, ಚಿಕ್ಕವನಿಗೆ ಬೀಳದೆ ಕೂರುವುದರಲ್ಲಿ. ಜಗಲಿ ಇಲ್ಲದ ಬಾಡಿಗೆ ಮನೆಯಾದರೆ ಹಾಸಿಗೆಗಳನ್ನು ನೆಲಕ್ಕೆ ಹಾಸಿ, ದಿಂಬು ಗುಡ್ಡೆ ಹಾಕಿ, ಹಾರಲು ಬಿಡಿ. ಹೇಗಿದ್ದರೂ ಹಾರುತ್ತಾರೆ, ತುಟಿ ಒಡೆಯದ ಕಡೆ ಹಾರಲಿ. ಗುಡುಗು ಮಿಂಚು ಗಾಳಿ ಇಲ್ಲದಾಗ ಹತ್ತು ನಿಮಿಷ ಅಂಗಳದ ಮಳೆಯಲ್ಲೇ ನೆನೆಯಲಿ. ಬರುವಾಗ ಹಂಡೆಯಲ್ಲಿ ಬಿಸಿನೀರು ಇರಬೇಕು, ಅಷ್ಟೆ. ಮಳೆಯಲ್ಲಿ ಆಡಿ ಮಿಂದು ಬಂದ ಮಗು ಉಣ್ಣುವ ಹಾಗೆ ಬೇರೆ ಯಾವ ದಿನವೂ ಉಣ್ಣುವುದಿಲ್ಲ.

ನಿದ್ದೆಯ ವಿಷಯ. ಅದೇ ಮಾರ್ಗಸೂಚಿಯ ಪ್ರಕಾರ ಒಂದು, ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಮೂರು, ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ನನ್ನ ಮಗ ಅವತ್ತು ಮಧ್ಯಾಹ್ನ ಮಲಗಿರಲಿಲ್ಲ. ನಾಲ್ಕು ಗಂಟೆಗೆ ಕಚ್ಚಿದ್ದು, ಆರು ಗಂಟೆಗೆ ಸೊಂಟದಿಂದ ಇಳಿಯದೇ ಇದ್ದದ್ದು ಎರಡಕ್ಕೂ ಕಾರಣ ಅದೇ. ದೊಡ್ಡವರಿಗೆ ನಿದ್ದೆ ಕಮ್ಮಿಯಾದರೆ ತೂಕಡಿಸುತ್ತೇವೆ. ಚಿಕ್ಕ ಮಕ್ಕಳು ಉಲ್ಟಾ. ಇನ್ನೂ ಜೋರಾಗಿ ಓಡುತ್ತಾರೆ, ಕಿರುಚುತ್ತಾರೆ, ಎಸೆಯುತ್ತಾರೆ. ನೋಡಿದವರು ‘ಎಷ್ಟು ಶಕ್ತಿ ಇದಕ್ಕೆ’ ಅನ್ನುತ್ತಾರೆ. ಅದು ಶಕ್ತಿ ಅಲ್ಲ, ಸುಸ್ತು.

ಇನ್ನು ಹರಿದ ರೊಟ್ಟಿಯ ಅಳು. ಇದನ್ನು ನೋಡಿ ನಗುವವರಿದ್ದಾರೆ, ಸಿಟ್ಟಾಗುವವರೂ ಇದ್ದಾರೆ. ನಾನು ಎರಡನ್ನೂ ಮಾಡಬೇಡಿ ಅನ್ನುತ್ತೇನೆ. ಎರಡು ವರ್ಷದ ಮಗುವಿನ ತಲೆಯಲ್ಲಿ ಬೇಕುಗಳು ತುಂಬ ಇರುತ್ತವೆ, ಹೇಳಲು ಮಾತು ಕಮ್ಮಿ ಇರುತ್ತದೆ. ಜೊತೆಗೆ, ಸಿಟ್ಟನ್ನು ತಡೆದು ‘ಹೋಗಲಿ ಬಿಡು’ ಅನ್ನಿಸುವ ಭಾಗ ಮೆದುಳಿನ ಮುಂದಿನ ತುದಿಯಲ್ಲಿದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಎರಡನೇ ವರ್ಷದಲ್ಲಿ ಅದರ ಕೆಲಸ ಇನ್ನೂ ಶುರುವಾಗುತ್ತಿದೆ ಅಷ್ಟೆ. ‘ಅರ್ಥ ಆದರೂ ಬೇಕಂತಲೇ ಮಾಡ್ತಾನೆ’ ಎಂದು ನಾವು ಹೇಳುವಾಗ ಅರ್ಥ ಆಗಿರುವುದು ನಿಜ. ತಡೆಯಲು ಆಗದೇ ಇರುವುದೂ ಅಷ್ಟೇ ನಿಜ.

ಈ ನೆಲಕ್ಕೆ ಬಿದ್ದು ಹೊರಳುವ ಅಳುವಿನ ಮೇಲೆ ಅಮೆರಿಕದಲ್ಲಿ ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ ಎಂಬವರು ನೂರಾರು ಮನೆಗಳಿಂದ ವಿವರ ಪಡೆದು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಒಂದೂವರೆಯಿಂದ ಐದು ವರ್ಷದ ಮಕ್ಕಳವು. ಬಹುಪಾಲು ರಂಪ ಐದು ನಿಮಿಷದೊಳಗೆ ಮುಗಿದಿತ್ತು. ಅದರೊಳಗೆ ಎರಡು ಎಳೆ ಇರುತ್ತವೆ ಎಂದು ಅವರು ಕಂಡರು. ಒಂದು ಸಿಟ್ಟು, ಇನ್ನೊಂದು ದುಃಖ. ಒದೆಯುವುದು, ಕಿರುಚುವುದು ಬೇಗ ಏರಿ ಬೇಗ ಇಳಿಯುತ್ತದೆ. ಬಿಕ್ಕುವುದು, ಅಪ್ಪಿಕೊಳ್ಳಲು ಹುಡುಕುವುದು ಕೊನೆಯವರೆಗೂ ಉಳಿಯುತ್ತದೆ.

ಇದು ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಸಿಟ್ಟು ಏರಿದ ಹೊತ್ತಿನಲ್ಲಿ ಬುದ್ಧಿ ಹೇಳಿದರೆ ಒಂದಕ್ಷರವೂ ಒಳಗೆ ಹೋಗುವುದಿಲ್ಲ. ‘ಯಾಕೆ ಹೀಗೆ ಮಾಡ್ತಿ, ಹೇಳು’ ಎಂದು ಕೇಳಿದರೆ ಇನ್ನೂ ಜಾಸ್ತಿಯಾಗುತ್ತದೆ. ಹತ್ತಿರ ಒಲೆ, ಮೆಟ್ಟಿಲು, ಗಾಜು ಇಲ್ಲ ತಾನೆ ಎಂದು ನೋಡಿ. ಹತ್ತಿರ ಕೂತಿರಿ. ಮಾತು ಬೇಡ. ಕಿರುಚಾಟ ಇಳಿದು ಬಿಕ್ಕಲು ಶುರು ಮಾಡಿದಾಗ ಎತ್ತಿಕೊಳ್ಳಿ. ಹಾಗೆಂದು ಕೇಳಿದ್ದನ್ನು ಕೊಡಬೇಕಾಗಿಲ್ಲ. ಚಾಕು ಕೇಳಿ ಅತ್ತಿದ್ದರೆ ಅಳು ನಿಂತ ಮೇಲೂ ಚಾಕು ಇಲ್ಲವೇ ಇಲ್ಲ. ಇಲ್ಲ ಅಂದದ್ದು ಇಲ್ಲವೇ ಆಗಿರಬೇಕು. ಎತ್ತಿಕೊಳ್ಳುವುದು ಮಾತ್ರ ಯಾವಾಗಲೂ ಇರಬೇಕು.

ಒಂದು ಮಾತು ನನ್ನ ತರಗತಿಯ ಪಾಲಕರು ಪ್ರತಿ ವರ್ಷ ಕೇಳುತ್ತಾರೆ. ‘ಮೇಡಂ, ನಿಮ್ಮ ಹತ್ತಿರ ಇಷ್ಟು ಚೆನ್ನಾಗಿರ್ತಾನೆ, ಮನೆಗೆ ಬಂದ ಕೂಡಲೇ ರಾಕ್ಷಸ ಆಗ್ತಾನೆ. ನಮ್ಮ ಹತ್ತಿರ ಯಾಕೆ ಹೀಗೆ?’ ಕೇಳುವಾಗ ಕೆಲವು ಅಮ್ಮಂದಿರ ಕಣ್ಣಲ್ಲಿ ನೀರಿರುತ್ತದೆ. ಅವರಿಗೆಲ್ಲ ನಾನು ಹೇಳುವುದು ಇಷ್ಟು. ಶಾಲೆಯಲ್ಲಿ ಮಗು ಇಡೀ ಹೊತ್ತು ತನ್ನನ್ನು ಹಿಡಿದಿಟ್ಟುಕೊಂಡಿರುತ್ತದೆ. ಸಾಲಿನಲ್ಲಿ ನಿಲ್ಲು, ಕಾಯಿ, ಹಂಚಿಕೋ, ಸುಮ್ಮನಿರು. ಆ ವಯಸ್ಸಿಗೆ ಅದು ದೊಡ್ಡ ಕೆಲಸ. ಹಿಡಿದಿಟ್ಟದ್ದನ್ನು ಎಲ್ಲಿ ಬಿಟ್ಟರೂ ತನ್ನನ್ನು ಯಾರೂ ದೂರ ಮಾಡುವುದಿಲ್ಲವೋ ಅಲ್ಲಿ ಬಿಡುತ್ತದೆ. ಅದು ಅಮ್ಮನ ಹತ್ತಿರ. ನಿಮ್ಮ ಮಗು ನಿಮ್ಮ ಮುಂದೆ ಅಳುತ್ತದೆ ಎಂದರೆ ನೀವು ಕೆಟ್ಟ ತಾಯಿ ಎಂದಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ.

ಆದರೆ ಪ್ರತಿ ದಿನ, ವಾರಗಟ್ಟಲೆ ಕಿರಿಕಿರಿ ಇದ್ದರೆ ಮೈಯನ್ನೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67 ಮಂದಿಗೆ ರಕ್ತಹೀನತೆ ಇದೆ ಎಂದು ಬಂದಿದೆ. ನೂರರಲ್ಲಿ ಅರವತ್ತೇಳು ಮಕ್ಕಳು! ಕಬ್ಬಿಣದ ಅಂಶ ಕಮ್ಮಿ ಇರುವ ಮಗು ಬೇಗ ಸುಸ್ತಾಗುತ್ತದೆ, ಸಣ್ಣದಕ್ಕೂ ಅಳುತ್ತದೆ, ಊಟ ಬೇಡ ಅನ್ನುತ್ತದೆ, ಕೆಲವು ಮಕ್ಕಳು ಮಣ್ಣು ಸುಣ್ಣ ತಿನ್ನುತ್ತಾರೆ. ನಾವು ಅದಕ್ಕೆ ಹಠಮಾರಿ ಎಂದು ಹೆಸರಿಡುತ್ತೇವೆ. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಸಿರಪ್ ಮನೆಯ ಕಪಾಟಿನಲ್ಲಿ ಸುಮ್ನೆ ಕೂತಿರುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಹೇಳಿದ ಪ್ರಮಾಣದಲ್ಲಿ ಕೊಡಿ. ಜಂತುಹುಳದ ಮಾತ್ರೆ ಕೊಡುವ ದಿನ ತಪ್ಪಿಸಬೇಡಿ. ಕಿವಿ ನೋವು, ಮಲಬದ್ಧತೆ, ಮೂಗು ಕಟ್ಟಿ ರಾತ್ರಿ ಬಾಯಿಯಲ್ಲಿ ಉಸಿರಾಡುವುದು, ಇವೆಲ್ಲವೂ ಹಗಲಿನಲ್ಲಿ ರಂಪವಾಗಿ ಹೊರಗೆ ಬರುತ್ತವೆ. ಎರಡು ವರ್ಷ ದಾಟಿಯೂ ಎರಡು ಪದ ಸೇರಿಸಿ ಮಾತಾಡದಿದ್ದರೆ, ಹೆಸರು ಕರೆದರೆ ತಿರುಗಿ ನೋಡದಿದ್ದರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಹೇಳಿ ವರ್ಷ ಕಳೆಯಬೇಡಿ.

ಈಗ ಹೊಡೆಯುವ ವಿಷಯ. ಹಿರಿಯರು ಮುಂದೆ ಕೂತಿದ್ದೀರಿ, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ. ‘ಎರಡು ಬಿಟ್ಟರೆ ಸರಿಯಾಗ್ತಾನೆ’ ಎಂಬ ಮಾತು ನಾನು ಒಪ್ಪುವುದಿಲ್ಲ. ಹೊಡೆದಾಗ ಮಗು ನಿಲ್ಲಿಸುತ್ತದೆ, ನಿಜ. ಹೆದರಿ ನಿಲ್ಲಿಸುತ್ತದೆ. ತಮ್ಮನನ್ನು ಹೊಡೆದದ್ದಕ್ಕೆ ಅಕ್ಕನಿಗೆ ಹೊಡೆದರೆ ಅವಳು ಕಲಿಯುವುದು ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಎಂಬುದನ್ನು. ಸಂಜೆ ನಾವಿಲ್ಲದಾಗ ಅದನ್ನೇ ಮಾಡುತ್ತಾಳೆ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಶಾಲೆಯ ಬಾಗಿಲಿನಲ್ಲಿ ಸಿಗುವ ರಕ್ಷಣೆ ಮನೆಯ ಬಾಗಿಲಿನಲ್ಲೂ ಸಿಗಲಿ ಎಂದು ನಾನು ಬಯಸುತ್ತೇನೆ.

ಹಾಗೆಂದು, ಒಂದು ದಿನ ಗಂಟಲು ಹರಿಯುವಂತೆ ಕೂಗಿಬಿಟ್ಟ ತಾಯಿ ರಾತ್ರಿ ಮಲಗಿದ ಮಗುವಿನ ಪಕ್ಕ ಕೂತು ‘ಇದರ ಮನಸ್ಸು ಹಾಳಾಗಿಹೋಯಿತೇನೋ’ ಎಂದು ಕೊರಗುವುದೂ ಬೇಡ. ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ತಾಯಿ ಮತ್ತು ಕೂಸುಗಳನ್ನು ಎದುರುಬದುರು ಕೂರಿಸಿ ನೋಡಿದರು. ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತರೆ ಕೂಸು ನಗುತ್ತದೆ, ಕೈ ಚಾಚುತ್ತದೆ, ಆಮೇಲೆ ಮುಖ ತಿರುಗಿಸಿ ಅಳುತ್ತದೆ. ಎಲ್ಲರೂ ನೆನಪಿಟ್ಟುಕೊಂಡಿರುವುದು ಈ ಭಾಗವನ್ನೇ. ನನಗೆ ಮುಖ್ಯ ಅನ್ನಿಸುವುದು ಅವರು ಆಮೇಲೆ ತೋರಿಸಿದ್ದು. ತುಂಬ ಪ್ರೀತಿ ಇರುವ ಮನೆಗಳಲ್ಲೂ ತಾಯಿ ಮಗು ಹೆಚ್ಚಿನ ಹೊತ್ತು ಹೊಂದಿಕೊಂಡಿರುವುದಿಲ್ಲ. ತಪ್ಪಿಹೋಗುತ್ತದೆ, ಮತ್ತೆ ಸರಿಹೋಗುತ್ತದೆ. ಮತ್ತೆ ಸರಿಹೋಗುತ್ತದೆ ಎಂಬ ನಂಬಿಕೆ ಮಗುವಿಗೆ ಬರುವುದು ಹಾಗೆಯೇ. ಕೂಗಿದ ಮೇಲೆ ಹತ್ತಿರ ಹೋಗಿ, ‘ಅಮ್ಮ ಜೋರಾಗಿ ಕೂಗಿದೆ, ನಿಂಗೆ ಭಯ ಆಯ್ತಲ್ವಾ ಪುಟ್ಟ’ ಎಂದು ಹೇಳಿ. ಗಂಡಸರೂ ಹೇಳಿ. ಹಾಗೆ ಹೇಳಿದರೆ ಮಕ್ಕಳು ತಲೆ ಮೇಲೆ ಕೂರುತ್ತಾರೆ ಎಂಬ ಭಯ ಬೇಡ.

ಈಗ ಕೈಗಳ ವಿಷಯ.

ಮೊಬೈಲಿನಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ವಿಡಿಯೋಗಳು ತುಂಬ ಬರುತ್ತವೆ. ಕನ್ನಡದಲ್ಲೂ ಬರುತ್ತಿವೆ. ಮಗುವಿನ ಕಣ್ಣ ಮಟ್ಟಕ್ಕೆ ಕೂತು ಮಾತಾಡಿ, ಅದರ ಭಾವನೆಗೆ ಹೆಸರು ಕೊಡಿ, ತಾಳ್ಮೆಯಿಂದಿರಿ. ಎಲ್ಲ ಒಳ್ಳೆಯ ಮಾತುಗಳೇ. ನಾನು ಈಗ ಹೇಳಿದ್ದೂ ಅದೇ ಜಾತಿಯದು. ಆದರೆ ಹತ್ತು ನಿಮಿಷ ನೆಲದ ಮೇಲೆ ಮಗುವಿನ ಪಕ್ಕ ಕೂರಬೇಕಾದರೆ ಆ ಹತ್ತು ನಿಮಿಷ ಒಲೆಯ ಮೇಲಿನ ಹಾಲನ್ನು ಬೇರೆ ಯಾರಾದರೂ ನೋಡಿಕೊಳ್ಳಬೇಕು. ಇನ್ನೊಂದು ಮಗುವನ್ನು ಯಾರಾದರೂ ಹಿಡಿದುಕೊಳ್ಳಬೇಕು. ಅದನ್ನು ಯಾರೂ ಹೇಳುವುದಿಲ್ಲ. ತಾಳ್ಮೆ ತಾಯಿಯ ಗುಣ ಎಂದೇ ಎಲ್ಲರೂ ಮಾತಾಡುತ್ತಾರೆ. ಅವತ್ತು ಅವಳಿಗೆ ಎಷ್ಟು ನಿದ್ದೆ ಆಗಿದೆ, ಕೂತು ಉಂಡಳೇ, ಮನೆಯಲ್ಲಿ ಇನ್ನೊಬ್ಬರು ಇದ್ದರೇ, ಇವುಗಳ ಮೇಲೆ ತಾಳ್ಮೆ ನಿಂತಿರುತ್ತದೆ.

‘ನಮ್ಮ ಕಾಲದಲ್ಲಿ ಎಂಟು ಮಕ್ಕಳನ್ನು ಸಾಕಿದೆವು, ಇವರಿಗೆ ಎರಡಕ್ಕೇ ಸುಸ್ತು’ ಎಂದು ಅಜ್ಜಿಯರು ಹೇಳುತ್ತಾರೆ. ಅವರ ಕಷ್ಟ ಸಣ್ಣದಲ್ಲ. ಆದರೆ ಆ ಮನೆಗಳಲ್ಲಿ ಅತ್ತೆ, ನಾದಿನಿ, ಓರಗಿತ್ತಿ, ಮದುವೆಯಾಗದ ಚಿಕ್ಕಪ್ಪ, ಹತ್ತು ವರ್ಷದ ದೊಡ್ಡ ಮಗಳು, ಎಲ್ಲರೂ ಇದ್ದರು. ಅಳುವ ಕೂಸು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಹೋಗುತ್ತಿತ್ತು. ಆ ಹತ್ತು ವರ್ಷದ ಹುಡುಗಿಯ ಓದು ಎಷ್ಟೋ ಮನೆಗಳಲ್ಲಿ ಅಲ್ಲಿಗೇ ನಿಂತಿತು, ಅದು ಬೇರೆ ಮಾತು, ಆ ಕಾಲ ಮತ್ತೆ ಬರಲಿ ಎಂದು ನಾನು ಕೇಳುವುದಿಲ್ಲ. ಆದರೆ ಆರೇಳು ಜನ ಮಾಡುತ್ತಿದ್ದ ಕೆಲಸ ಈಗ ಒಬ್ಬಳ ಮೇಲೆ ಬಂದಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಒಂದು ಲೆಕ್ಕ ಇದೆ. 15ರಿಂದ 59 ವರ್ಷದ ಹೆಂಗಸರಲ್ಲಿ ಶೇಕಡ 41 ಮಂದಿ ದಿನದಲ್ಲಿ ಮನೆಯವರ ಆರೈಕೆ ಮಾಡುತ್ತಾರೆ. ಗಂಡಸರಲ್ಲಿ ಶೇಕಡ 21.4. ಆರೈಕೆ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 140 ನಿಮಿಷ ಕೊಡುತ್ತಾರೆ, ಗಂಡಸರು 74 ನಿಮಿಷ. ಅಡುಗೆ, ಪಾತ್ರೆ, ಬಟ್ಟೆಯ ಲೆಕ್ಕ ಇದರಲ್ಲಿ ಸೇರಿಲ್ಲ, ಅದು ಬೇರೆ.

ಇಲ್ಲಿ ಬಂದಿರುವ ಅಪ್ಪಂದಿರಿಗೆ ನನ್ನದೊಂದು ಕೇಳಿಕೆ. ‘ಹೆಲ್ಪ್ ಮಾಡ್ತೀನಿ’ ಎಂದು ಬರಬೇಡಿ, ಒಂದು ಹೊತ್ತನ್ನು ಪೂರ್ತಿ ತೆಗೆದುಕೊಳ್ಳಿ. ಸಂಜೆ ಆರರಿಂದ ಎಂಟು ಸಿಕ್ಕರೆ ಅದೇ ಎಲ್ಲಕ್ಕಿಂತ ದೊಡ್ಡದು. ಅಷ್ಟು ಬೇಗ ಬರಲಾಗದವರು ಬೆಳಗಿನ ಹೊತ್ತು ತೆಗೆದುಕೊಳ್ಳಿ. ಎಬ್ಬಿಸಿ, ಹಲ್ಲುಜ್ಜಿಸಿ, ಮೀಯಿಸಿ, ತಿಂಡಿ ತಿನ್ನಿಸುವುದು ಎಲ್ಲ ನಿಮ್ಮದು. ಚಡ್ಡಿ ಎಲ್ಲಿದೆ, ಸಕ್ಕರೆ ಎಷ್ಟು ಹಾಕಲಿ ಎಂದು ಒಂದೊಂದಕ್ಕೂ ಅವಳನ್ನು ಕೂಗಬಾರದು. ಮಳೆ ರಜೆಯ ಸುದ್ದಿ ಬಂದ ಬೆಳಿಗ್ಗೆ ಇಬ್ಬರೂ ಐದು ನಿಮಿಷ ಕೂತು, ಇವತ್ತು ಯಾವ ಹೊತ್ತು ಯಾರದು ಎಂದು ಮಾತಾಡಿಕೊಳ್ಳಿ. ಸಂಜೆ ಒಂದು ಗಂಟೆ ಬೇಗ ಬರಲು ಆಗುತ್ತದಾ ಕೇಳಿ ನೋಡಿ. ಜ್ವರ ಬಂದರೆ ರಜೆ ಕೇಳುತ್ತೀರಿ, ಇದಕ್ಕೂ ಕೇಳಬಹುದು.

ಕಾನೂನಿನಲ್ಲಿ ಸ್ವಲ್ಪ ದಾರಿ ಇದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿಯಲ್ಲಿ ಬಂದ ನಿಯಮದ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ನಮ್ಮಂಥ ಊರಿನಲ್ಲಿ ಅಷ್ಟು ಜನ ಇರುವ ಜಾಗ ಎಷ್ಟಿವೆ ಹೇಳಿ. ಅಂಗಡಿಯಲ್ಲಿ, ಟೈಲರಿಂಗ್‌ನಲ್ಲಿ, ಅಡಿಕೆ ಸುಲಿಯುವಲ್ಲಿ ಕೆಲಸ ಮಾಡುವ ತಾಯಂದಿರಿಗೆ ಅದು ಮುಟ್ಟುವುದೇ ಇಲ್ಲ. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗೆ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರು ಮಾಡಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಬಾಗಿಲು ತೆರೆದಿರುತ್ತದೆಯೇ, ಗ್ರಾಮಸಭೆಯಲ್ಲಿ ಕೇಳಿ. ರಸ್ತೆ, ಚರಂಡಿ ಕೇಳುವ ಹಾಗೆಯೇ ಇದನ್ನೂ ಗಟ್ಟಿಯಾಗಿ ಕೇಳಬೇಕು.

ಫೋನಿನ ಬಗ್ಗೆ ಎರಡೇ ಮಾತು, ಯಾಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಎರಡು ವರ್ಷ ತುಂಬುವವರೆಗೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಮ್ಮಿ ಇದ್ದಷ್ಟೂ ಒಳ್ಳೆಯದು. ಇದೂ ವಿಶ್ವ ಆರೋಗ್ಯ ಸಂಸ್ಥೆಯ ಮಾತೇ. ಆದರೆ ಒಬ್ಬಳೇ ಇರುವ ತಾಯಿ ಸಂಜೆ ಅಡುಗೆ ಮುಗಿಸಲು ಇಪ್ಪತ್ತು ನಿಮಿಷ ಕಾರ್ಟೂನ್ ಹಾಕಿದರೆ ಅವಳನ್ನು ಬಯ್ಯುವವರ ಜೊತೆ ನಾನು ಸೇರುವುದಿಲ್ಲ. ಬಯ್ಯುವವರು ಆ ಇಪ್ಪತ್ತು ನಿಮಿಷ ಬಂದು ಮಗುವನ್ನು ಎತ್ತಿಕೊಳ್ಳಲಿ.

ಕೆಲವರಿಗೆ ಇದು ಒಂದು ದಿನದ ಸುಸ್ತಾಗಿ ಮುಗಿಯುವುದಿಲ್ಲ. ಮಗು ಮಲಗಿದರೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತದೆ. ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ, ನನಗೇ ಏನಾದರೂ ಮಾಡಿಕೊಳ್ಳುತ್ತೇನೇನೋ ಎಂಬ ಯೋಚನೆ ಬರುತ್ತದೆ. ಹಾಗಿದ್ದರೆ ಅದನ್ನು ಮುಚ್ಚಿಡಬೇಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, 2022ರಲ್ಲಿ ಶುರುವಾಯಿತು. ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡದಿದ್ದರೂ ಪಕ್ಕದ ಮನೆಯವಳಿಗೆ ಬೇಕಾಗಬಹುದು.

ಕೊನೆಯದಾಗಿ, ನಮ್ಮ ಬೀದಿಯಲ್ಲಿ ನಾವು ಮಾಡಿಕೊಂಡಿರುವ ಒಂದು ವ್ಯವಸ್ಥೆ. ಇವತ್ತು ನಾನು ಬರಲು ಒಪ್ಪಿದ್ದೇ ಇದನ್ನು ಹೇಳುವುದಕ್ಕೆ.

ನಾವು ನಾಲ್ಕು ಮನೆಯವರು. ನಾಲ್ಕೂ ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದಾರೆ. ಮಳೆ ರಜೆ ಎಂದು ಬೆಳಿಗ್ಗೆ ಸುದ್ದಿ ಬಂದ ಕೂಡಲೇ ಸರದಿ ಪ್ರಕಾರ ಒಂದು ಮನೆಯವರು ಬೆಳಿಗ್ಗೆ ಹತ್ತರಿಂದ ಹನ್ನೆರಡು, ಇನ್ನೊಂದು ಮನೆಯವರು ಸಂಜೆ ನಾಲ್ಕರಿಂದ ಆರು, ಎಲ್ಲ ಮಕ್ಕಳನ್ನೂ ಕೂರಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಇಬ್ಬರು ದೊಡ್ಡವರು ಇರಲೇಬೇಕು ಎಂಬ ನಿಯಮ ಇಟ್ಟಿದ್ದೇವೆ. ಒಬ್ಬರು ಆ ಮನೆಯವರು, ಇನ್ನೊಬ್ಬರು ಬೇರೆ ಮನೆಯ ಅಮ್ಮನೋ ಅಜ್ಜಿಯೋ ಅಪ್ಪನೋ. ನಮ್ಮ ಎದುರು ಮನೆಯ ಅಜ್ಜ ಈಗ ಕಾಯಂ ಆಗಿಬಿಟ್ಟಿದ್ದಾರೆ, ಮಕ್ಕಳಿಗೆ ಹಲಸಿನ ಹಪ್ಪಳ ಸುಟ್ಟು ಕೊಡುತ್ತಾರೆ. ಉಳಿದ ಮನೆಯವರಿಗೆ ಆ ಎರಡು ಗಂಟೆ ಸಿಗುತ್ತದೆ. ಅಡುಗೆ ಮಾಡುತ್ತಾರೋ ಮಲಗುತ್ತಾರೋ ಯಾರೂ ಕೇಳುವುದಿಲ್ಲ.

ಮಕ್ಕಳು ಒಟ್ಟಾದಾಗ ಜಗಳ ಆಡುವುದಿಲ್ಲವೇ? ಆಡುತ್ತಾರೆ. ಆದರೆ ಒಬ್ಬರು ಅಳುವ ಮಗುವಿನ ಹತ್ತಿರ ಕೂತಾಗ ಇನ್ನೊಬ್ಬರು ಉಳಿದವರನ್ನು ನೋಡಿಕೊಳ್ಳುತ್ತಾರೆ. ಮೂಗು ಸುರಿಯುವ, ಜ್ವರದ, ಭೇದಿಯ ಮಗುವನ್ನು ಕಳಿಸುವ ಹಾಗಿಲ್ಲ. ಪ್ರತಿ ಮಗುವಿನ ಜೊತೆ ಎರಡು ಒಣ ಚಡ್ಡಿ, ಒಂದು ಟವೆಲ್, ಬೆಚ್ಚಗಿನ ನೀರಿನ ಬಾಟಲಿ ಬರಬೇಕು. ಯಾವ ಮಗುವಿಗೆ ಏನು ತಿಂದರೆ ಆಗುವುದಿಲ್ಲ ಎಂದು ಮೊದಲೇ ಬರೆದು ಕೊಡಬೇಕು. ಯಾರ ಮಗುವಿಗೂ ಯಾರೂ ಹೊಡೆಯುವ ಹಾಗಿಲ್ಲ, ತಮ್ಮ ಮಗುವಿಗೂ.

ಇಲ್ಲಿ ಎಲ್ಲ ಕೇರಿಯವರೂ ಇದ್ದೀರಿ. ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ. ನಿಮ್ಮ ಬೀದಿಯ ಹೆಸರು, ಮಕ್ಕಳ ವಯಸ್ಸು, ನಿಮಗೆ ಯಾವ ಹೊತ್ತು ಬಿಡುವು ಎಂದು ಬರೆದು ಹೋಗಿ. ಒಂದೇ ಬೀದಿಯ ಮೂರು ಮನೆಯವರು ಸಿಕ್ಕರೂ ಸಾಕು, ಈ ವಾರವೇ ಶುರು ಮಾಡಬಹುದು. ಅಪ್ಪಂದಿರು ಹೆಂಡತಿಯ ಹೆಸರು ಬರೆಯಬೇಡಿ, ನಿಮ್ಮ ಹೆಸರನ್ನೇ ಬರೆಯಿರಿ.